ದೀಪ ದೊಡ್ಡದು ಮಾಡಿ

ರೋಹಿಡಾಲಿ
ಮಾಘ ಶುದ್ಧ ಪಂಚಮಿ, ೬ ಫೆಬ್ರವರಿ ೧೯೬೫

ತಮ್ಮ ಲೂಣ್ ಸಿಂಗನಿಗೆ ಅಕ್ಕ ಉಗಮ್ ಕಂವರ್ ಮಾಡುವ ಆಶೀರ್ವಾದ.

ಬೀರಾ, ಮೊದಲು ಕನಸು ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಉಳಿದದ್ದು ಬರೆಯಲು ಕೈ ಏಳುವುದಿಲ್ಲ. ಖೇತ್ಸೀ ದಾದಾ ನಮ್ಮ ಅಂಗಳಕ್ಕೆ ಬಂದಿದ್ದ. ವೀರಗಲ್ಲಿನಲ್ಲಿ ಕೆತ್ತಿದ ಹಾಗೇ, ಕೈಯಲ್ಲಿ ಕತ್ತಿ, ಸೊಂಟಕ್ಕೆ ಗುರಾಣಿ, ಕತ್ತಿನ ಮೇಲೆ ಏನೂ ಇಲ್ಲ. ನೀರಿನ ಮಡಕೆಗಳ ಪಕ್ಕ ನಿಂತುಕೊಂಡ. ಬಾಯಿ ಇಲ್ಲದಿದ್ದರೂ ಎದೆಯೊಳಗಿಂದ ಮಾತು ಬಂತು. "ಮಗಳೇ, ನನ್ನ ತಲೆ ಎಲ್ಲಿಟ್ಟೆ?" ಅಂದ. ನಾನೇ ಎತ್ತಿಟ್ಟು ಮರೆತವಳ ಹಾಗೆ ನನಗೆ ನಾಚಿಕೆಯಾಯಿತು. ಸಜ್ಜೆಯ ಕಣಜದಲ್ಲಿ ಹುಡುಕಿದೆ, ಕೌದಿಗಳ ಅಡಿಯಲ್ಲಿ ಹುಡುಕಿದೆ. ಸಿಗದೆ, ಮೂಲೆಯಲ್ಲಿದ್ದ ಮತೀರಾ ಕಲ್ಲಂಗಡಿ ಎತ್ತಿ ಕೊಟ್ಟೆ. ಅದನ್ನು ಕತ್ತಿನ ಮೇಲಿಟ್ಟು, ಹೊಸ ಪೇಟ ನೋಡಿಕೊಳ್ಳುವವನಂತೆ ಆಚೆ ಈಚೆ ತಿರುಗಿಸಿ, "ಇದಕ್ಕೆ ಕಣ್ಣಿಲ್ಲವಲ್ಲ" ಅಂದು ಖಾರದ ಉಪ್ಪುಬಯಲಿನ ಕಡೆ ಹೊರಟುಹೋದ.

ಬೆಳಿಗ್ಗೆ ಅತ್ತೆಗೆ ಹೇಳಿದರೆ, "ರಾತ್ರಿ ಅಷ್ಟೊಂದು ಅಂಬಲಿ ಕುಡಿದ್ರೆ ಒಂದು ಮುಂಡ ಏನು, ಇಡೀ ದಂಡೇ ಬರುತ್ತೆ" ಅಂತ ನಕ್ಕರು. ನನಗೆ ನಗು ಬರಲಿಲ್ಲ. ಅವನ ತಲೆ ಬಿದ್ದ ಜಾಗ ನಿಮ್ಮ ಜಾಲೂವೇರಿಯ ಬಾವಿ ಹತ್ತಿರ, ತಲೆ ಇಲ್ಲದೆ ಹೋರಾಡುತ್ತ ಬಂದು ಮುಂಡ ಬಿದ್ದದ್ದು ನಮ್ಮ ದಿಬ್ಬದ ಮೇಲೆ. ದನ ಕದ್ದವರು ಒಂದು ಸಲ ಕತ್ತರಿಸಿದರು, ಸರ್ಕಾರದವರು ಗಡಿ ಎಳೆದು ಅದೇ ಜಾಗದಲ್ಲಿ ಇನ್ನೊಂದು ಸಲ ಕತ್ತರಿಸಿದರು ಅಂತ ಇಲ್ಲಿ ಹಾಸ್ಯ ಮಾಡುತ್ತಾರೆ. ಆದರೂ ಎರಡೂ ಕಡೆ ದೀಪ ಹಚ್ಚುತ್ತಾ ಬಂದಿದ್ದೇವಲ್ಲ, ಅದೊಂದು ಸಮಾಧಾನ. ತಲೆಯ ದೀಪ ಬೆನ್ನಿಗೆ, ಮುಂಡದ ದೀಪ ಕಣ್ಣಿಗೆ ಇಟ್ಟುಕೊಂಡು ನಡೆದವರಿಗೆ ಮರಳು ದಾರಿ ತಪ್ಪಿಸುವುದಿಲ್ಲ. ಸ್ವಲ್ಪ ಬಲಕ್ಕೆ ಜಾರಿದರೆ ಖಾರ. ಮೇಲೆ ರೊಟ್ಟಿಯ ಹಾಗೆ ಉಪ್ಪಿನ ಪದರ, ಕೆಳಗೆ ತಳವಿಲ್ಲದ ಕೆಸರು. ನಿನಗೆ ನಾನು ಹೇಳಬೇಕೇ, ನಿನ್ನ ಕರಿ ಒಂಟೆ ಅಲ್ಲೇ ಹೋದದ್ದು.

ನೋಡು, ಹೇಳಬೇಕಾದದ್ದು ಬಿಟ್ಟು ಏನೇನೋ. ನಿನ್ನ ಮಗಳು ಸಾಯರ್‌ಗೆ ಗಂಡು ಗೊತ್ತಾಯಿತು. ನಮ್ಮ ಮನೆಯವರ ಚಿಕ್ಕಪ್ಪನ ಮಗ ಚುತರ್ ಸಿಂಗ್. ಮಾತು ಕಡಿಮೆ, ಹಲ್ಲು ಚೆನ್ನಾಗಿವೆ. ನಿಮ್ಮಲ್ಲಿರುವವರೆಲ್ಲ ನಮ್ಮ ಕುಲದ ಸೋಢರೇ, ಅವಳಿಗೆ ಅಣ್ಣತಮ್ಮಂದಿರೇ. ಸೋಢರ ಹುಡುಗಿಗೆ ಗಂಡು ಬೇಕೆಂದರೆ ಗಡಿ ದಾಟಲೇಬೇಕು, ನಾನು ದಾಟಿದ ಹಾಗೆ. ಆದರೆ ಆಗ ಗಡಿ ಎಲ್ಲಿತ್ತು? ದಿಬ್ಬಣ ನಿಮ್ಮಲ್ಲಿಗೆ ಬರುವ ಕಾಲ ಹೋಯಿತು. ಅಕ್ಷಯ ತದಿಗೆಗೆ ಹುಡುಗಿಯನ್ನೇ ಇಲ್ಲಿಗೆ ಕಳಿಸಿಕೊಡಬೇಕು.

ಇನ್ನು ಮೇಲೆ ಇವು ಮದುವೆ ಪತ್ರಗಳು, ಮೂಲೆಗೆ ಅರಿಶಿನ ಹಚ್ಚಿದ್ದೇನೆ. ಒಂದು ಕೆಟ್ಟ ಮಾತೂ ಬರಕೂಡದು. ನಿನ್ನ ಬಾಯಿ ನನಗೆ ಗೊತ್ತು. ಚಿಕ್ಕವನಿದ್ದಾಗ "ದೀಪ ಆರಿಸಲಾ?" ಅಂದು ಅಮ್ಮನ ಕೈಯಲ್ಲಿ ಇಕ್ಕಳದ ಏಟು ತಿಂದದ್ದು ನೆನಪಿದೆಯೇ? "ದೊಡ್ಡದು ಮಾಡಲಾ ಅನ್ನು, ಮುಂಡೇದೇ! ಮನೇಲಿ ಬೆಳಕು ಆರೋ ಮಾತು ಆಡ್ತೀಯಾ?" ಅಂದಳು. ನೀನು ಅಮ್ಮನ ಸೆರಗು ಬೀಸಿ ದೀಪ ಕಳೆದು, ಕತ್ತಲಲ್ಲಿ ನಿಂತು, "ಅಮ್ಮಾ, ಎಷ್ಟು ದೊಡ್ಡದಾಯ್ತು ನೋಡು, ಏನೂ ಕಾಣಿಸ್ತಿಲ್ಲ" ಅಂದೆ. ಎರಡನೆಯ ಏಟು ಅದಕ್ಕೆ.

ತಲೆಯ ಕಲ್ಲು ನೆಟ್ಟಗಿದೆಯೇ? ನೋಡಿ ಬರೆ. ಕನಸು ಬಿದ್ದಾಗಿನಿಂದ ಅದೇ ಯೋಚನೆ.

ಉಗಮ್

*

ಜಾಲೂವೇರಿ
೨೪ ಫೆಬ್ರವರಿ ೧೯೬೫

ಪೂಜ್ಯ ಅಕ್ಕ ಬಾಈಸಾ ಅವರ ಚರಣಗಳಿಗೆ ಲೂಣ್ ಸಿಂಗನ ನಮಸ್ಕಾರಗಳು.

ಅಕ್ಷರ ಬದಲಾಗಿದೆ ಅಂತ ಬೆದರಬೇಡ. ನಮ್ಮ ಹಳೆಯ ಸೇಠ್ ಅಂಗಡಿ ಮುಚ್ಚಿ ಕರಾಚಿಗೆ ಹೋದರು. (ಕ್ಷಮಿಸು, ಅಂಗಡಿ 'ಮಂಗಳ ಮಾಡಿ' ಹೋದರು. ಮೂಲೆಯಲ್ಲಿ ಅರಿಶಿನ ಇದೆಯಲ್ಲ!) ಈಗ ಬರೆಯುತ್ತಿರುವವರು ಅಂಚೆಯ ಹೊಸ ಮುನ್ಷಿ ಇನಾಯತ್ ಸಾಹೇಬರು. ದಖ್ಖನಿನ ಕಡೆಯಿಂದ ಬಂದವರು, ಚಿಕ್ಕಂದಿನಲ್ಲಿ ಮರಾಠಿ ಶಾಲೆಗೆ ಹೋಗಿದ್ದರಂತೆ, ಅದಕ್ಕೇ ನಮ್ಮ ಅಕ್ಷರ ಬಲ್ಲರು. ನಿನ್ನ ಪತ್ರ ನನಗೆ ಓದಿ ಹೇಳುವವರೂ ಅವರೇ. ನಾನು ಒಂದು ತುತ್ತು ಹೇಳಿದರೆ ಸೂರು ನೋಡಿಕೊಂಡು ಒಂದು ತಟ್ಟೆ ಬರೆಯುತ್ತಾರೆ. ಇದನ್ನೂ ಬರೆಯಿರಿ ಅಂದೆ, ನಕ್ಕು ಬರೆಯುತ್ತಿದ್ದಾರೆ.

ದಾದಾ ನಿನ್ನ ಮನೆಗೆ ಬಂದು ಬರಿಗೈಯಲ್ಲಿ ಹೋಗಲಿಲ್ಲ, ಮತೀರಾ ತಿಂದು ಹೋದ, ಒಳ್ಳೆಯದೇ ಆಯಿತು. ನಮ್ಮಲ್ಲಿಗೆ ಬಂದಿದ್ದರೆ ಅದೂ ಇರಲಿಲ್ಲ. ಗಂಡು ನಮಗೆ ಒಪ್ಪಿಗೆ. ಸಾಯರ್‌ಳ ತಾಯಿ ಕೇಳಿದ್ದು ಒಂದೇ: ಅಲ್ಲಿಯ ಬಾವಿ ಸಿಹಿಯೋ ಸವುಳೋ? ಸಾಯರ್ ಕೇಳಿದ್ದೂ ಒಂದೇ: "ಭೂಆನ ಊರಲ್ಲಿ ಸಮುದ್ರ ಇದೆಯಾ?" ಸಾಯರ್ ಅಂದರೆ ಸಮುದ್ರ ಅಂತ ಸೋದರತ್ತೆಯಾದ ನೀನೇ ಹೆಸರಿಟ್ಟು ಅವಳ ತಲೆ ಕೆಡಿಸಿದ್ದೀ. "ನೀನು ಹೋದ ಮೇಲೆ ಬರುತ್ತೆ, ಅತ್ತೆ ಕೈಲಿ ಬೈಸಿಕೊಂಡು ಅಳು, ತುಂಬುತ್ತೆ" ಅಂದೆ. ಮೂತಿ ಊದಿಸಿಕೊಂಡಿದ್ದಾಳೆ. ನಿನಗಾಗಿ ಕೌದಿ ಹೊಲಿಯುತ್ತಿದ್ದಾಳೆ, ಕೆಂಪಂಚಿನದು, ಮಧ್ಯದಲ್ಲಿ ಕನ್ನಡಿ ಚೂರು. ಅಲ್ಲಿಗೆ ತಲುಪುವವರೆಗೆ ಯಾರಿಗೂ ತೋರಿಸುವುದಿಲ್ಲವಂತೆ.

ಬಾವಿಗೆ ಅತಿಥಿಗಳು ಬಂದಿದ್ದಾರೆ. ಡೇರೆ ಹೊಡೆದಿದ್ದಾರೆ. ನೀರು ಜಾಸ್ತಿ ಬೇಕು ಅವರಿಗೆ. ಈಗ ನೀರಿಗೆ ಸಾಯರ್ ಹೋಗುವುದಿಲ್ಲ, ಅವಳ ತಾಯಿ ಹೋಗುತ್ತಾಳೆ. ಮದುವೆ ಹುಡುಗಿಯಲ್ಲವೇ.

ತಲೆಯ ಕಲ್ಲು ಇದ್ದ ಹಾಗೇ ಇದೆ. ನೀನು ಸುಮ್ಮನೆ ಒಣಗಬೇಡ.

ನಮ್ಮ ಹಯಾತ್ ಮಾಂಗಣಿಯಾರ್ ಹಾಡಲು ಆ ಕಡೆ ಬರುತ್ತಿದ್ದಾನೆ. ಅವನ ಕೈಯಲ್ಲಿ ನಿಶ್ಚಯದ ಗಂಟು ಕಳಿಸಿದ್ದೇನೆ. ಅದರಲ್ಲಿ ಮಿಠಾಯಿ ಇದೆ. ಹಿರಿಯರೆಲ್ಲರ ಮುಂದೆ ಬಿಚ್ಚತಕ್ಕದ್ದು.

ಲೂಣ್ ಸಿಂಗ್

*

ರೋಹಿಡಾಲಿ
ಹೋಳಿ ಕಳೆದು ಚೈತ್ರ ಬಹುಳ ತದಿಗೆ, ೨೦ ಮಾರ್ಚ್ ೧೯೬೫

ಬೀರಾ, ನಿನ್ನ ಮುನ್ಷಿ ನಮ್ಮ ಮಾನ ಕಳೆದ!

ಹಿರಿಯರನ್ನೆಲ್ಲ ಕೂರಿಸಿ, ನಿನ್ನ ಪತ್ರ ಓದಿ, "ಹುಡುಗಿ ಕಡೆಯಿಂದ ಮಿಠಾಯಿ ಬಂದಿದೆ" ಅಂತ ಗಂಟು ಬಿಚ್ಚಿದೆ. ಬೆಳ್ಳಗೆ ಪುಡಿ. ಸಕ್ಕರೆ ಅಂದುಕೊಂಡು ಗಂಡಿನ ಅಜ್ಜ ಎಲ್ಲರಿಗಿಂತ ಮೊದಲು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಅವರ ಮೀಸೆ ನೋಡಬೇಕಿತ್ತು! ಉಗಿಯುವ ಹಾಗಿಲ್ಲ, ನುಂಗುವ ಹಾಗಿಲ್ಲ, ಬೀಗರ ಮರ್ಯಾದೆ. ಹಯಾತ್ ಮೂಲೆಯಲ್ಲಿ ತನ್ನ ಕಮಾಯಚಾ ವಾದ್ಯ ತಬ್ಬಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆಮೇಲೆ ತಿಳಿಯಿತು. ಶುಭಕಾರ್ಯದಲ್ಲಿ ಉಪ್ಪನ್ನು ಉಪ್ಪು ಅನ್ನಬಾರದು, 'ಮೀಠೋ', ಅಂದರೆ ಸಿಹಿ, ಅನ್ನಬೇಕು ಅಂತ ನೀನು ಸರಿಯಾಗಿಯೇ ಹೇಳಿದ್ದೀ. ದಖ್ಖನಿನವರು ಅದನ್ನು ಮಿಠಾಯಿ ಮಾಡಿದ್ದಾರೆ. ನಿಶ್ಚಯಕ್ಕೆ ಮೊದಲು ಉಪ್ಪೇ ಬರಬೇಕೆಂಬುದು ನನಗಾದರೂ ಹೊಳೆಯಬೇಡವೇ? ಅತ್ತೆ, "ಹೆಸರೇ ಉಪ್ಪು ಸಿಂಗ್, ಅವನಿಂದ ಇನ್ನೇನು ಬರುತ್ತೆ" ಅಂದುಬಿಟ್ಟರು. ನಿನಗಿಂತ ಮೊದಲು ಹುಟ್ಟಿದವರು ಉಳಿಯಲಿಲ್ಲ, ಯಮನ ನಾಲಿಗೆಗೆ ರುಚಿಸಬಾರದೆಂದು ಅಮ್ಮ ಆ ಹೆಸರಿಟ್ಟದ್ದು ಅವರಿಗೇನು ಗೊತ್ತು.

ನಕ್ಕದ್ದೇನೋ ಆಯಿತು. ಹೋಳಿಯ ಬೆಂಕಿಯ ನಾಲಗೆ ಈ ಸಲ ಖಾರದ ಕಡೆ ಬಾಗಿತು. ಅದು ಗಾಳಿ ಅಂದರು ಎಲ್ಲರೂ. ಗಾಳಿ ಆ ಕಡೆಗೇ ಏಕೆ ಬೀಸಬೇಕು?

ಮತ್ತೆ ನಿನ್ನ ಅತಿಥಿಗಳು ಯಾರು? ಮದುವೆ ವೈಶಾಖದಲ್ಲಿ, ಮಾಘಕ್ಕೇ ನೆಂಟರನ್ನು ಕರೆಸಿ ಕೂರಿಸಿಕೊಂಡರೆ ಏನು ಹಾಕುತ್ತೀ? ನಿನ್ನ ಹೆಂಡತಿಯ ತವರಿನವರೇ ಇರಬೇಕು, ಅವರಿಗೆ ಎಲ್ಲಿ ಹೋದರೂ ನೀರು ಜಾಸ್ತಿ ಬೇಕು. ನಿನಗೆ ಸಿಟ್ಟು ಬರಲಿ, ನಾನು ಅಂದದ್ದು ಅಂದದ್ದೇ. ಒಂದು ಹೊತ್ತಿಗೆ ಮಜ್ಜಿಗೆ ಕೊಟ್ಟು ಕಳಿಸು.

ದಾದಾನ ದೀಪದ ಚಿಂತೆ ನಿನಗೆ ಬೇಡ. ದಿನಾ ಸಂಜೆ ನಾನೇ ದಿಬ್ಬ ಹತ್ತಿ ಹಚ್ಚುತ್ತಿದ್ದೇನೆ. ನೀನು ತಲೆಯ ಕಡೆ ನೋಡಿಕೋ. ಯಾವ ದಿನ ಹೊರಡುತ್ತಾರೆ, ಯಾರ ಜೊತೆ, ಎಲ್ಲ ಬಿಡಿಸಿ ಬರೆ. ಸಾಯರ್ ತಣ್ಣನೆ ಹೊತ್ತಿನಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಬರಬಾರದು.

ಉಗಮ್

*

ಜಾಲೂವೇರಿ
೧೪ ಏಪ್ರಿಲ್ ೧೯೬೫

ಬಾಈಸಾ ಅವರಿಗೆ ನಮಸ್ಕಾರಗಳು.

ಮೀಸೆಯ ಸುದ್ದಿ ಓದಿಸಿಕೊಂಡು ಮನೆಯವರೆಲ್ಲ ನಕ್ಕೆವು. ಮುನ್ಷಿ ಸಾಹೇಬರು ನಾಚಿಕೊಂಡರು. ಇನ್ನು ಮೇಲೆ ನನ್ನ ಮಾತಿಗೆ ಮಾತು ಇಟ್ಟು ಬರೆಯುತ್ತಾರಂತೆ.

ಅತಿಥಿಗಳು ಮದುವೆಗೆ ಬಂದವರಲ್ಲ, ಬಾಈಸಾ. ಇಷ್ಟು ಬರೆದರೆ ಸಾಕು. ಈ ಕಾಗದಕ್ಕೆ ನಿನ್ನದು ನನ್ನದು ಎರಡೇ ಕಣ್ಣಲ್ಲ.

ದಕ್ಷಿಣದಲ್ಲಿ ರಣ್ ಬಯಲಿನ ಕಡೆಯಿಂದ ಸಂಜೆ ಹೊತ್ತು ಗುಡುಗು ಕೇಳಿಸುತ್ತದೆ. ಮೋಡ ಇಲ್ಲ. ಮಕ್ಕಳು ಮಳೆ ಬಂತು ಅಂತ ಅಂಗಳದಲ್ಲಿ ಕುಣಿದವು, ಯಾರೂ ಬೈಯಲಿಲ್ಲ.

ಅಮಾವಾಸ್ಯೆಗೆ ಹೊರಡುವುದು. ನನಗೆ ಬರಲಾಗುವುದಿಲ್ಲ. ಇಲ್ಲಿ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಗಂಡಸರ ಹೆಸರು ಕೂಗುತ್ತಾರೆ, ನಾನು ಓಗೊಡಬೇಕು. ಸಾಯರ್ ಜೊತೆ ಅವಳ ಸೋದರಮಾವ ಮತ್ತು ಹಯಾತ್. ಬಾವಿಯ ಮುಂದಿನ ದಾರಿ ಬೇಡ, ಸುತ್ತಿ ಬರುತ್ತಾರೆ. ಹಯಾತ್‌ಗೆ ದಾರಿ ಗೊತ್ತು.

ನಿನ್ನಿಂದ ಆಗಬೇಕಾದದ್ದು ಒಂದೇ. ಆ ರಾತ್ರಿ ದಾದಾನ ದೀಪವನ್ನು ದೊಡ್ಡದು ಮಾಡಿ. ಮರೆಯಬೇಡಿ. ದೊಡ್ಡದು ಮಾಡಿದರೆ ಸಾಯರ್ ಕ್ಷೇಮವಾಗಿ ಬರುತ್ತಾಳೆ.

ಕೌದಿ ಮುಗಿಯಿತು. ಕ್ಷಮಿಸು, ಪೂರ್ತಿಯಾಯಿತು.

ಲೂಣ್ ಸಿಂಗ್

*

ರೋಹಿಡಾಲಿ
ವೈಶಾಖ ಬಹುಳ ನವಮಿ, ೨೫ ಏಪ್ರಿಲ್ ೧೯೬೫

ಬೀರಾ, ನಿನ್ನ ಕಾಗದ ನಿನ್ನೆ ಕೈಗೆ ಬಂತು. ಒಡೆದು ಅಂಟಿಸಿದ್ದಾರೆ, ಅಂಟು ಇನ್ನೂ ಹಸಿ ಇತ್ತು. ಅತಿಥಿಗಳೆಂದರೆ ಯಾರೆಂದು ಈಗ ತಿಳಿಯಿತು. ನಿನ್ನ ಹೆಂಡತಿಯ ತವರನ್ನು ಅಂದದ್ದಕ್ಕೆ ಅವಳ ಕಾಲು ಹಿಡಿಯುತ್ತೇನೆ ಅಂತ ಹೇಳು.

ಹೋಳಿಯ ಪತ್ರದಲ್ಲಿ ನಾನೂ ಒಂದು ಮಾತು ಬಿಟ್ಟಿದ್ದೆ. ಬರೆದರೆ ನೀನು ಹೆದರಿ ಮದುವೆ ಮುಂದೆ ಹಾಕುತ್ತೀಯ ಅಂತ ಬರೆಯಲಿಲ್ಲ. ನಮ್ಮಲ್ಲೂ ಅತಿಥಿಗಳಿದ್ದಾರೆ. ಶಿವರಾತ್ರಿಗೇ ಬಂದರು. ಅವರ ಕ್ಯಾಪ್ಟನ್ ಒಳ್ಳೆಯವನು, ಬಾಗಿಲಲ್ಲಿ ಬೂಟು ಬಿಚ್ಚಿ ಮಜ್ಜಿಗೆ ಕುಡಿದ. "ಮಾಜೀ, ದಿಬ್ಬದ ಮೇಲೆ ಬೆಳಕು ಬೇಡ, ದೂರದ ತನಕ ಕಾಣುತ್ತೆ" ಅಂದ. ನಮ್ಮವರು, "ಅದು ನಮ್ಮ ಬೆಳಕಲ್ಲ ಸಾಹೇಬರೇ, ದಾದಾಂದು. ದಾದಾನಿಗೆ ಯಾರು ಹೇಳ್ತಾರೆ?" ಅಂದರು. "ತಲೆ ಇಲ್ಲದವರಿಗೆ ಹೇಳೋದು ಕಷ್ಟ, ಅದಕ್ಕೇ ನಿಮಗೆ ಹೇಳ್ತಿದೀನಿ" ಅಂದ ಅವನು. ಎಲ್ಲರೂ ನಕ್ಕರು, ಅವನು ಮಾತ್ರ ನಗಲಿಲ್ಲ.

ನಾನು ಹಚ್ಚುವುದು ಬಿಡಲಿಲ್ಲ. ಕಲ್ಲಿನ ಮರೆಗೆ, ಅವರ ಡೇರೆಗೆ ಕಾಣದ ಹಾಗೆ, ನಿಮ್ಮ ಕಡೆಗೆ ಮಾತ್ರ ಕಾಣುವ ಹಾಗೆ ಹಚ್ಚುತ್ತಲೇ ಇದ್ದೇನೆ. ದಿನಾ ಹೆದರಿಕೆ. ಸಾಯರ್ ಬರುವ ರಾತ್ರಿ ಹಚ್ಚಲೋ ಬಿಡಲೋ, ಬೆಳಕು ಕಂಡು ಯಾರಾದರೂ ದಿಬ್ಬಕ್ಕೆ ಬಂದು ಕೂತರೆ ಹುಡುಗಿ ನೇರ ಅವರ ಕೈಗೇ ಬಂದು ಬೀಳುತ್ತಾಳಲ್ಲ ಅಂತ ಊಟ ಸೇರುತ್ತಿರಲಿಲ್ಲ. ಅಷ್ಟರಲ್ಲಿ ನಿನ್ನ ಮಾತು ಬಂತು: ಆ ರಾತ್ರಿ ದೊಡ್ಡದು ಮಾಡಿ. ನನ್ನ ಮನಸ್ಸಿನಲ್ಲಿದ್ದದ್ದೇ ನಿನ್ನ ಬಾಯಲ್ಲಿ ಬಂತು. ಎರಡು ಕಡೆಯೂ ದಾದಾ ಒಂದೇ ಬುದ್ಧಿ ಇಟ್ಟಿದ್ದಾನೆ ಅಂತ ಕೈ ಮುಗಿದೆ. ಅಮ್ಮನ ಇಕ್ಕಳಕ್ಕೂ ಕೈ ಮುಗಿದೆ. ಕೊನೆಗೂ ಮದುವೆ ಪತ್ರದಲ್ಲಿ ಆಡಬೇಕಾದ ಮಾತು ಆಡಲು ಕಲಿತೆಯಲ್ಲ!

ದಾರಿ ಹೇಗೆ ತಿಳಿಯುತ್ತೆ ಅನ್ನುವುದೊಂದೇ ಚುಚ್ಚುತ್ತಿತ್ತು. ಆದರೆ ತಲೆಯ ದೀಪ ಬೆನ್ನ ಹಿಂದೆ ಇರುತ್ತದಲ್ಲ. ಹಯಾತ್ ಅದನ್ನು ತಿರುತಿರುಗಿ ನೋಡಿಕೊಂಡು ಬರುತ್ತಾನೆ. ಅವನ ತಾತ ಕಣ್ಣು ಕಾಣದಿದ್ದರೂ ಹಾಡುತ್ತ ದಾಟುತ್ತಿದ್ದ.

ನೀನು ಹೇಳಿದ ಹಾಗೇ ಆಗುತ್ತದೆ. ಬೇರೆ ಯಾರಿಗೂ ಬಿಡುವುದಿಲ್ಲ, ನನ್ನ ಕೈಯಾರೆ ದೊಡ್ಡದು ಮಾಡಿ ಅಲ್ಲೇ ಕೂತಿರುತ್ತೇನೆ. ಈ ಕಾಗದ ತಲುಪಿದರೆ ಒಂದು ಸಾಲು ಬರೆ.

ಉಗಮ್

*

ಜಾಲೂವೇರಿ
೧ ಮೇ ೧೯೬೫

ಬಾಈಸಾ ಅವರಿಗೆ ಹುಡುಗಿಯ ತಂದೆಯ ನಮಸ್ಕಾರಗಳು.

ಇದು ನಿನ್ನ ಕೈಸೇರುವ ಹೊತ್ತಿಗೆ ಸಾಯರ್ ನಿಮ್ಮ ಮನೆಯ ಸೊಸೆಯಾಗಿ ಎಷ್ಟು ರೊಟ್ಟಿ ಸೀಯಿಸಿರುತ್ತಾಳೋ. ನಿನ್ನೆ ಕತ್ತಲಾದ ಮೇಲೆ ಕಳಿಸಿಕೊಟ್ಟೆವು. ಹಾಡಿಲ್ಲ, ಡೋಲಿಲ್ಲ. ಹಯಾತ್ ಕಮಾಯಚಾವನ್ನು ಬಟ್ಟೆಯಲ್ಲಿ ಸುತ್ತಿ, "ಹುಕುಂ, ಒಡೆಯಾ, ಆ ಕಡೆ ಹೋಗಿ ಎರಡರಷ್ಟು ಹಾಡಿ ತೀರಿಸ್ತೀನಿ" ಅಂದ. ಅವಳು ಅಳಲಿಲ್ಲ. ಒಂಟೆ ಏಳುವಾಗ ಮಾತ್ರ, "ಬಾಪೂಸಾ, ದೂರದಿಂದ ಭೂಆ ನನ್ನ ಗುರುತು ಹಿಡೀತಾಳಾ?" ಅಂತ ಕೇಳಿದಳು. "ನೀನು ಕೂಗು, ದಿಬ್ಬದಿಂದ ಉರುಳಿಕೊಂಡು ಬರ್ತಾಳೆ" ಅಂದೆ.

ನೀನು 'ಸರಿ' ಅಂತ ಬರೆಯುತ್ತೀಯೆಂದು ಕಾದೆ, ಕಾಗದ ಬರಲಿಲ್ಲ. ಆದರೂ ನಿನ್ನನ್ನು ಬಲ್ಲೆ. ಒಂದು ಬತ್ತಿ ಹೇಳಿದರೆ ಮೂರು ಹಾಕುತ್ತೀ, ಎಣ್ಣೆ ಸಾಲದು ಅಂತ ತುಪ್ಪ ಸುರಿಯುತ್ತೀ. ನಾನು ಮಾಳಿಗೆ ಹತ್ತಿ ಬಹಳ ಹೊತ್ತು ನೋಡಿದೆ. ಧೂಳಿತ್ತು, ನನಗೆ ಕಾಣಲಿಲ್ಲ. ಹತ್ತಿರ ಹೋದವರಿಗೆ ಕಂಡಿರುತ್ತದೆ.

ಇನ್ನು ಅವಳು ನಿನ್ನ ಹತ್ತಿರ ಇದ್ದಾಳೆ, ಆದ್ದರಿಂದ ಹೇಳಬಹುದು. ತಲೆಯ ಕಲ್ಲು ಇದ್ದ ಹಾಗಿಲ್ಲ. ಅತಿಥಿಗಳು ಬಂದ ದಿನವೇ ಅದಕ್ಕೆ ಡೇರೆಯ ಹಗ್ಗ ಕಟ್ಟಿದರು. ಅಂದಿನಿಂದ ನಾವು ಅಲ್ಲಿ ದೀಪ ಹಚ್ಚಿಲ್ಲ. ನಿನ್ನ ಕನಸಿನ ಮೇಲೆ ಇದನ್ನೂ ಬರೆದರೆ ನೀನು ಉಣ್ಣುವುದು ಬಿಡುತ್ತೀಯ ಅಂತ ಸುಳ್ಳು ಬರೆಸಿದೆ. ಅದಕ್ಕೇ ನಿಮ್ಮ ದೀಪಕ್ಕೆ ಅಷ್ಟು ಒತ್ತಿ ಹೇಳಿದ್ದು, ಖಾರದ ಅಂಚಿನಲ್ಲಿ ಬರುವವರಿಗೆ ಅದೊಂದೇ ಗುರಿ.

ಅವಳು ಬಂದು ಸೇರಿದ ಸುದ್ದಿ ಬೇಗ ಬರೆ. ಅವಳ ತಾಯಿ ಬಾಗಿಲಲ್ಲೇ ಕೂತಿದ್ದಾಳೆ.

ಲೂಣ್ ಸಿಂಗ್

*

ರೋಹಿಡಾಲಿ
ಅಕ್ಷಯ ತದಿಗೆ, ೪ ಮೇ ೧೯೬೫

ಬೀರಾ, ಇವತ್ತು ಮುಹೂರ್ತ. ಚುತರ್ ಅರಿಶಿನ ಮೆತ್ತಿಕೊಂಡು ಕೂತಿದ್ದಾನೆ, ಯಾರೂ ಅವನ ಮುಖ ನೋಡುತ್ತಿಲ್ಲ. ಗಂಡಿನ ಅಜ್ಜ, "ಸೋಢರು ಉಪ್ಪು ತಿನ್ನಿಸಿ ಹುಡುಗಿ ಕೊಡದೆ ಹೋದ್ರು" ಅಂತ ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದಾರೆ.

ನನಗೆ ಮಾತ್ರ ಒಳಗೊಳಗೆ ಹಗುರವಾಗಿದೆ, ನಿಜ ಹೇಳುತ್ತೇನೆ. ಗುಡುಗು ಹೆಚ್ಚಾದದ್ದು ಕೇಳಿ ನಿನಗೆ ಬುದ್ಧಿ ಬಂದಿರಬೇಕು, ಕೊನೆ ಗಳಿಗೆಯಲ್ಲಿ ಹುಡುಗಿಯನ್ನು ಕಳಿಸಲಿಲ್ಲ. ಒಳ್ಳೆಯದು ಮಾಡಿದೆ. ಬಯ್ಯುವವರು ಬಯ್ಯಲಿ. ಮದುವೆ ಮಾಗಿಯಲ್ಲೂ ಆಗುತ್ತದೆ. ಆದರೆ ಕಳಿಸುವುದಿಲ್ಲ ಅಂತ ಮೊದಲೇ ಒಂದು ಸಾಲು ಬರೆಯಬಾರದಿತ್ತೇ?

ಆ ರಾತ್ರಿ ನಾನು ಪಟ್ಟ ಪಾಡು ಕೇಳು. ಸಂಜೆ ದೀಪ ಹಚ್ಚಿ ಪೂಜೆ ಮಾಡಿ, ಪೂರ್ತಿ ಕತ್ತಲಾದ ಮೇಲೆ ನೀನು ಹೇಳಿದ ಹಾಗೆ ದೊಡ್ಡದು ಮಾಡಿದೆ. ಊದಲಿಲ್ಲ, ಸೆರಗು ಬೀಸಿದೆ. ಆಮೇಲೆ ಕಲ್ಲಿಗೆ ಒರಗಿ ಕೂತೆ. ನನ್ನ ಕೈ ನನಗೆ ಕಾಣದಷ್ಟು ಕತ್ತಲು. ನಿಮ್ಮ ಕಡೆ ನೋಡಿದರೆ ತಲೆಯ ದೀಪವೂ ಕಾಣಲಿಲ್ಲ, ಧೂಳು ಅಂದುಕೊಂಡೆ. ನಡುರಾತ್ರಿ ಖಾರದ ಕಡೆಯಿಂದ ಒಂಟೆಯ ಗಂಟೆ ಕೇಳಿಸಿತು. ಹತ್ತಿರ ಬಂತು, ಆಮೇಲೆ ದೂರ ಹೋಯಿತು, ಮತ್ತೆ ಹತ್ತಿರ ಬಂತು. ಖಾರದಲ್ಲಿ ಯಾರು ಒಂಟೆ ಹೊಡೆಯುತ್ತಾರೆ? ದಾದಾನೇ ತಲೆ ಹುಡುಕುತ್ತಿದ್ದಾನೆ ಅಂದುಕೊಂಡು ಸೆರಗು ಬಾಯಿಗೆ ತುರುಕಿಕೊಂಡೆ. ಆಮೇಲೆ ಒಂದೇ ಒಂದು ಸಲ, "ಭೂಆ" ಅಂತ ಕೂಗಿದ ಹಾಗಾಯಿತು. ಓಗೊಡಲಿಲ್ಲ. ಅಮ್ಮ ಹೇಳಿಲ್ಲವೇ, ರಾತ್ರಿ ಒಂದು ಸಲ ಕೂಗಿದರೆ ಅದು ಮನುಷ್ಯರಲ್ಲ, ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ ಅಂತ. ಎರಡನೆಯದಕ್ಕೆ ಕಾದೆ, ಬರಲಿಲ್ಲ. ದಾದಾ ಹೆಂಗಸಿನ ದನಿಯಲ್ಲೂ ಕರೆಯುತ್ತಾನೆ ಅಂತ ನನಗೆ ಗೊತ್ತಿರಲಿಲ್ಲ.

ಸಾಯರ್‌ಗೆ ಹೇಳು, ಭೂಆಗೆ ಸಿಟ್ಟಿಲ್ಲ. ಕೌದಿಯನ್ನು ಇಲಿಗೆ ಸಿಗದ ಹಾಗೆ ಎತ್ತಿಡಲಿ.

ಉಗಮ್

*

ರೋಹಿಡಾಲಿ
೧೯ ಮೇ ೧೯೬೫

ಲೂಣ್,

ಮೇ ಒಂದನೇ ತಾರೀಖಿನ ನಿನ್ನ ಕಾಗದ ಮೊನ್ನೆ ಬಂತು. ಓದಿದೆ. ಮತ್ತೆ ಓದಿದೆ. ನಮ್ಮವರ ಕೈಗೆ ಕೊಟ್ಟು, ನೀವು ಓದಿ, ನನಗೆ ಅಕ್ಷರ ಸರಿಯಾಗಿ ಬರುವುದಿಲ್ಲ ಅಂದೆ. ಅವರು ಓದಿದರೂ ಅದೇ ಇತ್ತು.

ಈ ಕಾಗದದ ಮೂಲೆಗೆ ಅರಿಶಿನ ಹಚ್ಚಿಲ್ಲ. ನೋಡು.

ಹೆಜ್ಜೆ ಹುಡುಕುವ ಮುದುಕ ಪಗೀಯನ್ನು ಕರೆಸಿದೆವು. ಗಾಳಿ ಬೀಸಿ ಮರಳಿನ ಮೇಲೆ ಏನೂ ಉಳಿದಿರಲಿಲ್ಲ. ಉಪ್ಪಿನ ಮೇಲೆ ಉಳಿದಿತ್ತು. ಒಂಟೆಗಳು ಖಾರದ ಅಂಚಿನಲ್ಲಿ ಬಂದಿವೆ, ನಮ್ಮ ದಿಬ್ಬಕ್ಕೆ ಕೂಗಳತೆಯಲ್ಲಿ ನಿಂತಿವೆ, ಬಹಳ ಹೊತ್ತು ನಿಂತಿವೆ ಅಂದ ಅವನು. ಆಮೇಲೆ ಎಡಕ್ಕೆ ಹೋಗಿ, ತಿರುಗಿ, ಬಲಕ್ಕೆ ಬಂದು, ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತಿವೆ. ಸುತ್ತುತ್ತ ಸುತ್ತುತ್ತ ಒಳಗೆ ಹೋಗಿವೆ. ಹೊರಗೆ ಬಂದ ಹೆಜ್ಜೆ ಇಲ್ಲ. "ಏನೋ ಕಾಣಿಸುತ್ತೆ ಅಂತ ಕಾಯ್ತಿದ್ರು ಠಕುರಾಣೀಸಾ, ಕಾಣಿಸಲಿಲ್ಲ" ಅಂದ. ಅವನಿಗೆ ನಾನು ಏನೂ ಹೇಳಿರಲಿಲ್ಲ.

ಹೊರಗೆ ಸಿಕ್ಕದ್ದು ಒಂದೇ. ಕೆಂಪಂಚು. ಉದ್ದನೆಯ ಕೋಲಿಗೆ ಕೊಕ್ಕೆ ಕಟ್ಟಿ ಎಳೆದರು. ಉಪ್ಪು ಹಿಡಿದು ಹಲಗೆಯ ಹಾಗೆ ಸೆಟೆದಿದೆ. ಮಧ್ಯದ ಕನ್ನಡಿ ಚೂರು ಹಾಗೇ ಇದೆ. ನನಗೆ ತಾನೇ ಹೊಲಿದದ್ದು, ನನ್ನ ಹತ್ತಿರ ಇದೆ. ಅವಳ ತಾಯಿಗೆ ಇದನ್ನು ಹೇಗೆ ಹೇಳುತ್ತೀಯೋ, ನನಗೆ ಗೊತ್ತಿಲ್ಲ.

ಮೂರು ಸಲ ಕೂಗಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲವೇ? ಅಥವಾ ಕೂಗಿದಳೋ, ಗಾಳಿಗೆ ಒಂದೇ ಕೇಳಿಸಿತೋ.

ಈಗ ದಿನಾ ಸಂಜೆ ದಿಬ್ಬ ಹತ್ತುತ್ತೇನೆ. ಒಂದು ಬತ್ತಿ ಹಾಕುತ್ತಿದ್ದ ಕಡೆ ಕೈಗೆ ಸಿಕ್ಕಷ್ಟು ಬಟ್ಟೆ ಹೊಸೆದು ತುಪ್ಪದಲ್ಲಿ ಅದ್ದಿ ಹಚ್ಚುತ್ತೇನೆ. ಮರೆಯಲ್ಲಿ ಅಲ್ಲ, ಕಲ್ಲಿನ ಮೇಲೆ. ಕ್ಯಾಪ್ಟನ್ ಬಂದ. ನನ್ನ ಮುಖ ನೋಡಿ ಇಳಿದುಹೋದ. ರಾತ್ರಿಯೆಲ್ಲ ನಿದ್ದೆ ಇಲ್ಲ, ಆದ್ದರಿಂದ ಕನಸೂ ಇಲ್ಲ. ಇದ್ದಿದ್ದರೆ ಆ ಮುಂಡವನ್ನು ಕೇಳುತ್ತಿದ್ದೆ, ಸಿಕ್ಕಿತೇ ನಿನಗೆ ಬೇಕಾದದ್ದು ಅಂತ.

ನಾನು ದೀಪ ಆರಿಸಿದೆ. ಇಗೋ, ಬರೆದೆ. ಅಮ್ಮ ಇಕ್ಕಳ ಎತ್ತಿಕೊಂಡು ಬರಲಿ. ಆರಿಸಿದೆ, ಆರಿಸಿದೆ, ನನ್ನ ಕೈಯಾರೆ ಆರಿಸಿದೆ. ಈ ಮಾತು ಅರಿಶಿನದ ಕಾಗದದಲ್ಲೇ ಬರೆಯುವ ಧೈರ್ಯ ನಮ್ಮಿಬ್ಬರಲ್ಲಿ ಒಬ್ಬರಿಗೆ ಇದ್ದಿದ್ದರೆ ಸಾಕಿತ್ತು.

ಬೀರಾ, ನಿನ್ನ ಮಾತು ಬರೆದವರೂ ಮುನ್ಷಿಯವರೇ, ಈಗ ಇದನ್ನು ನಿನಗೆ ಓದಿ ಹೇಳುತ್ತಿರುವವರೂ ಅವರೇ. ಮುನ್ಷಿ ಸಾಹೇಬರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲಿಂದ ಮುಂದೆ ಒಂದು ಮಾತೂ ಸೇರಿಸದೆ, ಒಂದು ಮಾತೂ ಬಿಡದೆ, ಇದ್ದ ಹಾಗೇ ಓದಿ.

ಲೂಣ್, ಏಪ್ರಿಲ್ ಹದಿನಾಲ್ಕರಂದು ನೀನು ಬಾಯಿಂದ ಆಡಿದ್ದು ಯಾವ ಮಾತು? "ಬತ್ತಿ ಏರಿಸಿ" ಅಂದೆಯೋ, "ಬೆಳಕು ಹೆಚ್ಚಿಸಿ" ಅಂದೆಯೋ, ಅಥವಾ "ದೊಡ್ಡದು ಮಾಡಿ" ಅಂತಲೇ ಅಂದೆಯೋ? ಎರಡು ಏಟು ತಿಂದವನು ನೀನು, ಹಾಗೆ ಅಂದಿರಲಾರೆ. ಆದರೂ ಅವರ ಎದುರು ಕೂತು ಇನ್ನೊಮ್ಮೆ ಸರಿಯಾಗಿ ನೆನಪು ಮಾಡಿಕೊಂಡು, ಆ ಒಂದು ಮಾತು ಮಾತ್ರ ನೋಡಿ ಬರೆ.

ಉಗಮ್